ಕೊಸರು ಕೇಳದ ಊರು, ಬೆಲೆ ಬರೆಯದ ಅಂಗಡಿ

ಅರಸೀಕೆರೆಯ ನಮ್ಮ ದಿನಸಿ ಅಂಗಡಿಯಲ್ಲಿ ಗಿರಾಕಿಗೂ ಸಾಮಾನಿಗೂ ನಡುವೆ ನಾನು ಕೂತಿರುತ್ತೇನೆ. ಬಂದವರು ಚೀಟಿ ಕೊಡುತ್ತಾರೆ, ಇಲ್ಲವೇ ಬಾಯಲ್ಲೇ ಹೇಳುತ್ತಾರೆ: ‘ಅಕ್ಕ, ಅರ್ಧ ಕೆಜಿ ತೊಗರಿಬೇಳೆ, ಹತ್ತು ರೂಪಾಯಿ ಸಾಸಿವೆ, ಒಂದು ಸೋಪು.’ ಯಾವ ಸೋಪು ಎಂದು ನಾನು ಕೇಳುವುದಿಲ್ಲ. ಯಾವ ಮನೆಗೆ ಯಾವುದು ಹೋಗುತ್ತದೆಂದು ಗೊತ್ತಿರುತ್ತದೆ. ಈ ಸಲದ ಬೇಳೆ ಬೇಯುವುದು ತಡವಾದರೆ ಅದನ್ನು ನಾನೇ ಮೊದಲು ಹೇಳಬೇಕು. ಹೇಳದೆ ಕಟ್ಟಿಕೊಟ್ಟರೆ ಮಾರನೆಯ ದಿನ ಅದೇ ಗಿರಾಕಿ ಬಂದು ನಾಲ್ಕು ಜನರ ಎದುರಿಗೆ ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ.

ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಬಾಣಂತನಕ್ಕೆಂದು ಚಳಿಗಾಲದಲ್ಲಿ ಹೋಗಿದ್ದೆ, ಮೊಮ್ಮಗ ಓಡಾಡಲು ಕಲಿತ ಮೇಲೆ ಒಂದು ಬೇಸಿಗೆಯಲ್ಲೂ ಹೋಗಿ ಇದ್ದು ಬಂದೆ. ಅಲ್ಲಿನ ಅಂಗಡಿಯೊಳಗೆ ಕಾಲಿಟ್ಟಾಗ ನನ್ನ ಕಣ್ಣು ಹುಡುಕಿದ್ದು ನಾನು ಕೂರುವ ಆ ಜಾಗವನ್ನು. ಸಾಲು ಸಾಲು ಸಾಮಾನು ಕೈಗೆ ಸಿಗುವಂತೆ ಜೋಡಿಸಿದೆ, ಬಾಗಿಲ ಬಳಿ ಹಣ ತೆಗೆದುಕೊಳ್ಳುವವರು ಮಾತ್ರ ಇದ್ದಾರೆ. ಹಾಸನ, ಬೆಂಗಳೂರಿನಲ್ಲೂ ಈಗ ಅಂಥ ಮಳಿಗೆಗಳಿವೆ. ಆದರೆ ನಮ್ಮಲ್ಲಿ ಅವು ಬಂದ ಮೇಲೂ ಪಕ್ಕದ ಅಂಗಡಿಯವರ ಮಾತು ಉಳಿದಿದೆ. ಅಲ್ಲಿ ಅಂಗಡಿಯವರು ಹೇಳಬೇಕಾದ್ದನ್ನೆಲ್ಲ ಪೊಟ್ಟಣವೇ ಹೇಳಬೇಕು. ಹಾಗಾಗಿ ನಾನು ಪೊಟ್ಟಣಗಳನ್ನು ಓದತೊಡಗಿದೆ, ಮಗಳು ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದಳು.

ಒಂದು ದೇಶದ ಜನ ಯಾವುದಕ್ಕೆ ಹೆಚ್ಚು ಅಂಜುತ್ತಾರೆ ಎಂಬುದು ಅವರ ಪೊಟ್ಟಣದ ಮೇಲೆ ಕಾನೂನು ಏನನ್ನು ಅಚ್ಚು ಮಾಡಿಸುತ್ತದೆ ಎನ್ನುವುದರಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಎರಡು ಅಂಜಿಕೆ. ಅಂಗಡಿಯವರು ಹೆಚ್ಚು ಬೆಲೆ ಹಾಕಿಬಿಟ್ಟರೆ ಎಂಬುದು ಒಂದು. ಅದಕ್ಕೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಅಚ್ಚಾಗಿರಲೇಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರೂ ತಪ್ಪು. ತಿನ್ನುವುದರಲ್ಲಿ ಮಾಂಸದ ಅಂಶ ಸೇರಿಬಿಟ್ಟರೆ ಎಂಬುದು ಇನ್ನೊಂದು. ಅದಕ್ಕೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ತ್ರಿಕೋನ. ಓದು ಬಾರದ ಅಜ್ಜಿಯೂ ಹಸಿರು ಚುಕ್ಕೆ ನೋಡಿ ಬಿಸ್ಕತ್ತು ಕೊಳ್ಳುತ್ತಾರೆ.

ಜರ್ಮನಿಯಲ್ಲಿ ಈ ಎರಡೂ ಇಲ್ಲ. ಎಂಆರ್‌ಪಿ ಎಂಬುದೇ ಇಲ್ಲದ ಕಾರಣ ಒಂದೇ ನೀರಿನ ಬಾಟಲಿಗೆ ಬಡಾವಣೆಯ ಅಂಗಡಿಯಲ್ಲಿ ಒಂದು ಬೆಲೆ, ರೈಲು ನಿಲ್ದಾಣದಲ್ಲಿ ಅದರ ಹಲವು ಪಟ್ಟು; ಯಾರೂ ಜಗಳ ತೆಗೆಯುವುದಿಲ್ಲ. ಅದರ ಬದಲು ಕಪಾಟಿನ ಚೀಟಿಯಲ್ಲಿ ಪೊಟ್ಟಣದ ಬೆಲೆಯ ಜೊತೆಗೆ ಒಂದು ಕೆಜಿಗೆ ಅಥವಾ ಒಂದು ಲೀಟರಿಗೆ ಎಷ್ಟಾಯಿತು ಎಂದೂ ಬರೆದಿರಬೇಕು. 340 ಗ್ರಾಂ ಒಂದು, 450 ಗ್ರಾಂ ಒಂದು ಇದ್ದರೆ ಯಾವುದು ಅಗ್ಗ ಎಂದು ಲೆಕ್ಕ ಹಾಕುತ್ತಾ ನಿಲ್ಲಬೇಕಾಗಿಲ್ಲ. ಇಡೀ ಐರೋಪ್ಯ ಒಕ್ಕೂಟದಲ್ಲಿ ಗೋಧಿ, ಹಾಲು, ಸೋಯಾ, ಎಳ್ಳು, ಕಡಲೆಕಾಯಿ ಮೊದಲಾಗಿ ಒಟ್ಟು 14 ಬಗೆಯ ಅಲರ್ಜಿ ಪದಾರ್ಥಗಳನ್ನು ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣುವಂತೆ ಅಚ್ಚು ಮಾಡಬೇಕು. ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಮಗು ಇರುವ ಮನೆಗೆ ಅದು ಜೀವದ ಪ್ರಶ್ನೆ. ಆದರೆ ಮಕ್ಕಳ ಮೆತ್ತನೆ ಮಿಠಾಯಿಯಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇದೆಯೇ ಎಂದು ನಮ್ಮಂಥ ಸಸ್ಯಾಹಾರಿಗಳು ಸಣ್ಣ ಅಕ್ಷರ ಓದಿಯೇ ತಿಳಿಯಬೇಕು. ಮೊಮ್ಮಗನಿಗಾಗಿ ಜರ್ಮನ್ ಭಾಷೆಯಲ್ಲಿ ನಾನು ಗುರುತಿಟ್ಟುಕೊಂಡ ಮೊದಲ ಪದ ಅದೇ.

ಅಮೆರಿಕದ ರೀತಿಯೇ ಬೇರೆ. ಟೆಕ್ಸಾಸ್‌ನಲ್ಲಿರುವ ಮೈದುನನ ಮಗ ಹೇಳಿದ: 20 ಡಾಲರ್ ಎಂದು ಬರೆದ ಅಂಗಿಗೆ ಗಲ್ಲಾದ ಬಳಿ 21 ಡಾಲರ್ 65 ಸೆಂಟ್ ಕೊಡಬೇಕು. ತೆರಿಗೆ ರಾಜ್ಯದಿಂದ ರಾಜ್ಯಕ್ಕೆ, ಊರಿಂದ ಊರಿಗೆ ಬೇರೆಯಾಗುವುದರಿಂದ ಚೀಟಿಯ ಮೇಲೆ ಅದು ಸೇರಿರುವುದಿಲ್ಲ. ಕೈಯಲ್ಲಿ ಲೆಕ್ಕದ ದುಡ್ಡು ಹಿಡಿದು ಬರುವ ನಮ್ಮೂರಿನ ಕೂಲಿಯವರಿಗೆ ಹೀಗಾದರೆ ಅರ್ಧ ಸಾಮಾನು ವಾಪಸ್ ಇಟ್ಟು ಹೋಗಬೇಕಾದೀತು.

ಈ ಲೆಕ್ಕದ ದುಡ್ಡಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗಳ ಮನೆಗೆ ಬರುತ್ತಿದ್ದವರು ನಮ್ಮ ಅಂಗಡಿಯ ಫೋಟೊ ನೋಡಿ, ಸರದಂತೆ ತೂಗುಬಿಟ್ಟ ಶಾಂಪೂ ಸ್ಯಾಶೆಗಳನ್ನು ತೋರಿಸಿ ‘ಇಷ್ಟು ಚಿಕ್ಕದು ಯಾಕೆ? ದೊಡ್ಡ ಬಾಟಲಿ ಅಗ್ಗ ಅಲ್ಲವೇ?’ ಎಂದು ಕೇಳುತ್ತಿದ್ದರು. ಅಗ್ಗವೇ. ಆದರೆ ಅಲ್ಲಿ ಸಂಬಳ ತಿಂಗಳಿಗೊಮ್ಮೆ ಬ್ಯಾಂಕಿಗೆ ಬೀಳುತ್ತದೆ, ಮನೆಯಲ್ಲಿ ದೊಡ್ಡ ಫ್ರಿಜ್, ನೆಲಮಾಳಿಗೆಯಲ್ಲಿ ಉಗ್ರಾಣ ಇರುತ್ತದೆ. ದಿನಗೂಲಿಯವರು ಆ ದಿನ ಸಿಕ್ಕಿದ ಕೂಲಿಯಲ್ಲಿ ಆ ದಿನದ ಎಣ್ಣೆ, ಆ ದಿನದ ಬೇಳೆ ಕೊಳ್ಳುತ್ತಾರೆ. ಇನ್ನು ತೆಂಗಿನ ತೋಟದವರ ಮನೆಗೆ ದುಡ್ಡು ಬರುವುದು ಕೊಬ್ಬರಿ ಮಾರಿದಾಗ. ಆ ನಡುವೆ ಮದುವೆ, ಆಸ್ಪತ್ರೆ, ಹಬ್ಬ ಎಲ್ಲವೂ ಆಗಬೇಕಲ್ಲ? ಅದಕ್ಕೇ ನಮ್ಮಲ್ಲಿ ಖಾತೆ ಪುಸ್ತಕ ಇರುವುದು.

ಉಂಡೆ ಕೊಬ್ಬರಿ ಆಗುವ ಬಗೆ ತಿಳಿದರೆ ಈ ಸಾಲದ ಲೆಕ್ಕವೂ ತಿಳಿಯುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಲು ಹತ್ತು ತಿಂಗಳಿಗೂ ಮಿಕ್ಕಿ ಬೇಕು. ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಆಯಿತು ಎಂದರ್ಥ. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸಿ, ಅರಸೀಕೆರೆ ಇಲ್ಲವೇ ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಂದ ಅದು ಉತ್ತರ ಭಾರತಕ್ಕೆ ಹೋಗುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು, ಆ ವರ್ಷದ ಆರಂಭದಲ್ಲಿ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ನಮ್ಮ ಖಾತೆ ಪುಸ್ತಕದಲ್ಲಿ ಹಾಳೆಗಳು ತುಂಬುತ್ತಲೇ ಹೋದವು. 2025ರ ಬೆಂಬಲ ಬೆಲೆ 12,100; ಆ ವರ್ಷ ಪೇಟೆಯ ಬೆಲೆ ಅದರ ಎರಡು ಪಟ್ಟು ದಾಟಿತು. ಹಳೆಯ ಬಾಕಿ ಕೇಳದೆಯೇ ಬಂತು, ಕೆಲವರು ಬಾಕಿ ತೀರಿಸಿ ಜೊತೆಗೆ ಹೊಸ ಮಿಕ್ಸಿಯ ದುಡ್ಡನ್ನೂ ಎಣಿಸಿಟ್ಟುಕೊಂಡು ಹೋದರು. ಮ್ಯೂನಿಕ್‌ನ ಅಂಗಡಿಗೆ ಊರಿನ ಬೆಳೆಯ ಜೊತೆ ಇಂಥ ನಂಟಿಲ್ಲ. 2020ರ ಜನವರಿಯಿಂದ ಅಲ್ಲಿ ಒಂದು ಬನ್ನು ಕೊಂಡರೂ ರಸೀದಿ ಕೊಡಲೇಬೇಕೆಂಬ ಕಾನೂನಿದೆ. ಲೆಕ್ಕ ಅಷ್ಟು ಚೊಕ್ಕ. ಆದರೆ ಕಷ್ಟದ ತಿಂಗಳಲ್ಲಿ ‘ಆಮೇಲೆ ಕೊಡಿ’ ಎನ್ನುವವರು ಗಲ್ಲಾದ ಹಿಂದೆ ಇಲ್ಲ. ಅವರಿಗೆ ಆ ಆಸರೆ ಸರ್ಕಾರದ ಭತ್ಯೆ, ವಿಮೆಯಿಂದ ಬರುತ್ತದೆ, ನಮ್ಮವರಿಗೆ ದಿನಸಿ ಅಂಗಡಿಯಿಂದ.

ಕೊಬ್ಬರಿಯ ಇನ್ನೊಂದು ಸಂಗತಿ ವಿದೇಶಕ್ಕೆ ಹೊರಟವರಿಗೆಲ್ಲ ಗೊತ್ತಿರಬೇಕು. ಮಗಳಿಗೆಂದು ಆರಿಸಿಟ್ಟಿದ್ದ ಉಂಡೆ ಕೊಬ್ಬರಿಯನ್ನು ಪೆಟ್ಟಿಗೆಗೆ ಹಾಕುವಾಗ ಅಳಿಯಂದಿರು ಫೋನಿನಲ್ಲೇ ತಡೆದರು: ‘ಅತ್ತೆ, ಅದು ಬೇಡ.’ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ರಾಶಿಯಲ್ಲಿ ಒತ್ತೊತ್ತಾಗಿದ್ದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದು ಸೇರಿದೆ. 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್‌–ಇನ್ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಹೊರದೇಶದವರು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಅಂದರೆ ತುಪ್ಪ, ಪೇಡ ಎರಡೂ ಹೋದವು. 2019ರ ಡಿಸೆಂಬರ್‌ನಿಂದ ಹಣ್ಣು, ತರಕಾರಿಗೂ ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು. ಅದರಿಂದ ಬಿಟ್ಟಿರುವುದು ಐದೇ ಹಣ್ಣು: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗಿನಕಾಯಿ. ಆ ಪಟ್ಟಿಯಲ್ಲಿ ತೆಂಗನ್ನು ಕಂಡು ನನಗಾದ ಸಂತೋಷ ತೆಂಗಿನ ಸೀಮೆಯವರಿಗೆ ಅರ್ಥವಾಗುತ್ತದೆ.

ತರಕಾರಿ ಕೊಳ್ಳುವ ವಿಚಾರಕ್ಕೆ ಬರುತ್ತೇನೆ. ಮ್ಯೂನಿಕ್‌ನ ನಡುವೆ ವಿಕ್ಟುವಾಲಿಯೆನ್‌ಮಾರ್ಕ್ಟ್ ಎಂಬ ದೊಡ್ಡ ಬಯಲು ಪೇಟೆ ಇದೆ, 1807ರಿಂದ ನಡೆಯುತ್ತಿರುವುದು. ಹಣ್ಣು ತರಕಾರಿ ಜೋಡಿಸಿಟ್ಟಿರುವ ಅಂದ ನೋಡಿದರೆ ಕೈ ತಾನೇ ಮುಂದೆ ಹೋಗುತ್ತದೆ. ಆದರೆ ಅಲ್ಲಿ ಗಿರಾಕಿ ಮುಟ್ಟುವಂತಿಲ್ಲ, ಬೇಕಾದ್ದನ್ನು ತೋರಿಸಬೇಕು, ಮಾರುವವರು ಆರಿಸಿ ಕೊಡುತ್ತಾರೆ. ಇಟಲಿಯ ಮಳಿಗೆಗಳಲ್ಲಿ ಹಣ್ಣು ಮುಟ್ಟುವ ಮೊದಲು ತೆಳ್ಳನೆಯ ಪ್ಲಾಸ್ಟಿಕ್ ಕೈಗವಸು ಹಾಕಿಕೊಳ್ಳಬೇಕಂತೆ. ನಮ್ಮ ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿಯದೆ, ಬದನೆಕಾಯಿಯ ತೊಟ್ಟು ನೋಡದೆ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳುವವರಿಲ್ಲ. ತೂಕವಾದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ, ನಾಲ್ಕು ಕಡ್ಡಿ ಕರಿಬೇವು ಕೊಸರು ಬೀಳಬೇಕು. ಮ್ಯೂನಿಕ್‌ನಲ್ಲಿ ಕೊಸರು ಕೇಳುವವರೂ ಇಲ್ಲ, ಹಾಕುವವರೂ ಇಲ್ಲ. ಆದರೆ ಆರಿಸಿ ಕೊಟ್ಟದ್ದರಲ್ಲಿ ಕೊಳೆತದ್ದು ಒಂದೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ನಾವು ಕೈಯನ್ನು ನಂಬುತ್ತೇವೆ, ಅವರು ಮಾರುವವರನ್ನು.

ಚೌಕಾಸಿಯ ಬಗ್ಗೆ ಹೊರಗಿನವರಿಗೆ ಒಂದು ತಪ್ಪು ಕಲ್ಪನೆ ಇದೆ, ಭಾರತದಲ್ಲಿ ಎಲ್ಲದಕ್ಕೂ ಚೌಕಾಸಿ ಎಂದು. ಹಾಲಿಗೆ, ಔಷಧಿಗೆ, ಬಸ್ಸಿನ ಟಿಕೆಟ್ಟಿಗೆ, ಹೋಟೆಲಿನ ಇಡ್ಲಿಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಬಳೆ, ಸೀರೆ, ಸೊಪ್ಪು, ಮಾರು ಹಾಕಿ ಕೊಡುವ ಹೂವಿಗೆ ಮಾಡುತ್ತೇವೆ. ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂದು ನಮಗೆ ಯಾರೂ ಕಲಿಸಿಲ್ಲ, ಬೆಳೆಯುತ್ತಾ ತಿಳಿದಿದೆ. ಹೊರಗಿನಿಂದ ಬಂದವರಿಗೆ ತಿಳಿಯುವುದು ಹೇಗೆ?

ಇದು ಎದ್ದು ಕಂಡದ್ದು ಹಳೇಬೀಡಿನಲ್ಲಿ, ಅದನ್ನು ಕೊನೆಗೆ ಹೇಳುತ್ತೇನೆ. ಮಗಳ ಜೊತೆ ಕೆಲಸ ಮಾಡುವ ಜರ್ಮನ್ ಹೆಣ್ಣುಮಗಳು ಗಂಡನೊಂದಿಗೆ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದರು. ನಮ್ಮ ಮನೆಯಲ್ಲೇ ಉಳಿದರು. ಆಕೆಗೆ ಒಂದು ಕುರ್ತಾ ಹೊಲಿಸಲು ನಮ್ಮ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಟೇಪು ಹಿಡಿದು ಭುಜ, ತೋಳು, ಸೊಂಟದ ಅಳತೆ ತೆಗೆಯುವಾಗ ಆಕೆ ಗಂಡನಿಗೆ ಏನೋ ಹೇಳಿದಳು. ಹುಟ್ಟಿದಾಗಿನಿಂದ ತನ್ನ ಮೈ ಅಳತೆ ತೆಗೆದು ಯಾರೂ ಬಟ್ಟೆ ಹೊಲಿದುಕೊಟ್ಟಿರಲಿಲ್ಲವಂತೆ. ಅಲ್ಲಿ ಅಂಗಡಿಯ ನಂಬರಿಗೆ ಮೈ ಹೊಂದಬೇಕು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಅಳಿಯಂದಿರು 15 ಯೂರೊ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಹೊಲಿಯುವವರ ಕೂಲಿ ದುಬಾರಿ, ಆದ್ದರಿಂದ ಬದಲಾಯಿಸುವ ಅನುಕೂಲ ಹೆಚ್ಚು: ಆನ್‌ಲೈನಿನಲ್ಲಿ ಕೊಂಡ ಬಟ್ಟೆಯನ್ನು ಕಾರಣ ಹೇಳದೆ 14 ದಿನದೊಳಗೆ ಹಿಂದಿರುಗಿಸುವ ಹಕ್ಕು ಐರೋಪ್ಯ ಒಕ್ಕೂಟದಲ್ಲಿ ಎಲ್ಲರಿಗೂ ಇದೆ. ನಮ್ಮಲ್ಲಿ ಬಟ್ಟೆಯಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ, ಆದರೆ ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವವರು ಬೀದಿಗೊಬ್ಬರಿದ್ದಾರೆ. ಚಪ್ಪಲಿಯ ಅಳತೆಯಲ್ಲೂ ಗೊಂದಲ. ಆಕೆ 38 ಎಂದಳು, ಅಂಗಡಿಯ ಹುಡುಗ ಕಕ್ಕಾಬಿಕ್ಕಿಯಾದ. ನಮ್ಮದು ಬ್ರಿಟಿಷರ ಲೆಕ್ಕ, ಅದರಲ್ಲಿ ಆಕೆಯ ಪಾದ ಹೆಚ್ಚುಕಡಿಮೆ 5.

ಜಾವಗಲ್ ದಾರಿಯಲ್ಲಿ ಹೊರಟು ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ಬೇಸಿಗೆಯ ಮಧ್ಯಾಹ್ನ ಬೇಲೂರಿನ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡುವುದು ಹೊಸಬರಿಗೆ ಕಷ್ಟ. ನಾನು ಮೊದಲೇ ಹೇಳಿ ಕಾಲುಚೀಲ ತರಿಸಿದ್ದೆ. ಚಪ್ಪಲಿ ಹೊರಗೆ ಬಿಡುವುದು ಅವರಿಗೆ ವಿಚಿತ್ರವೆನಿಸಲಿಲ್ಲ, ಜರ್ಮನಿಯ ಎಷ್ಟೋ ಮನೆಗಳಲ್ಲಿ ಬಾಗಿಲ ಬಳಿಯೇ ಬೂಟು ಬಿಡುತ್ತಾರೆ. ಆದರೆ ಆಕೆ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ತಲೆಯೆತ್ತಿ ನೋಡಿ ಒಂದು ನೇರ ಪ್ರಶ್ನೆ ಕೇಳಿದಳು: ಒಡವೆಯೇ ಉಡುಗೆಯಾದ ಈ ಹೆಂಗಸರು ಗುಡಿಯ ಮೇಲಿದ್ದಾರೆ, ಗುಡಿಗೆ ಬರುವ ನಾನು ಯಾಕೆ ಭುಜ ಮುಚ್ಚಬೇಕು? ಒಳ್ಳೆಯ ಪ್ರಶ್ನೆ. ಗುಡಿ ಪ್ರತಿಷ್ಠೆಯಾದದ್ದು ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳ ಬಟ್ಟೆಯನ್ನು ಕೋತಿ ಎಳೆಯುತ್ತದೆ. ಅವರ ಸೊಂಟದ ಪಟ್ಟಿ, ತೋಳಬಂದಿ, ತುರುಬು ನೋಡಿದರೆ ಆ ಕಾಲದ ಶಿಲ್ಪಿಗಳಿಗೆ ಮರ್ಯಾದೆಯ ಅಳತೆ ಬಟ್ಟೆಯ ಉದ್ದದಲ್ಲಿ ಇರಲಿಲ್ಲ ಎಂದು ತೋರುತ್ತದೆ. ಇಂದಿನ ರೀತಿ ಇಂದಿನವರದು. ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ಅಂಗಳದಲ್ಲಿ ಒಂಬೈನೂರು ವರ್ಷದಲ್ಲಿ ಉಡುಗೆಯ ನಿಯಮ ಇಷ್ಟು ಬದಲಾಗಿದೆ ಎಂದೆ. ಆಕೆ ಒಪ್ಪಿ ದುಪಟ್ಟ ಹೊದ್ದಳು. ಮ್ಯೂನಿಕ್‌ನ ಚಳಿಯಲ್ಲಿ ನಾನು ಸೀರೆಯೊಳಗೆ ಉಣ್ಣೆಯ ಕಾಲಂಗಿ, ಮೇಲೆ ಸ್ವೆಟರ್, ಅದರ ಮೇಲೆ ಕೋಟು ತೊಡುತ್ತಿದ್ದೆ, ಒಳಗೆ ಹೋದ ಕೂಡಲೇ ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದೆ. ಉಡುಗೆಯ ಅರ್ಧ ತೀರ್ಮಾನ ಹವೆಯದು, ಉಳಿದರ್ಧ ಸುತ್ತಲಿನವರ ಕಣ್ಣಿನದು.

ಊಟದ ಮಾತು ಬಂದರೆ, ಬೇರೆ ದೇಶಕ್ಕೆ ಹೋಗುವ ಮುಂಚೆಯೇ ವ್ಯತ್ಯಾಸ ಶುರುವಾಗುತ್ತದೆ. ಅರಸೀಕೆರೆ ಬಯಲುಸೀಮೆ, ಮುದ್ದೆ, ಬಸ್ಸಾರು, ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ. ಬೇಲೂರು ದಾಟಿದರೆ ಮಲೆನಾಡಿನ ಗಾಳಿ. ಅಕ್ಕಿ ರೊಟ್ಟಿ, ಕಡುಬು, ಮನೆಯ ಕಾಫಿ. ಅತಿಥಿಗಳು ಮುದ್ದೆಯನ್ನು ಅಗಿಯುತ್ತಾ ಕೂತರು, ಸಾರಿನಲ್ಲಿ ಅದ್ದಿ ನುಂಗಬೇಕೆಂದು ನಮ್ಮ ಮನೆಯವರು ತೋರಿಸಿಕೊಟ್ಟರು. ರಾತ್ರಿ ಎಂಟೂವರೆಗೆ ಬಿಸಿ ಊಟ ಎಂದರೆ ಅವರಿಗೆ ಭಾರ. ಅಲ್ಲಿ ಬಹಳ ಮನೆಗಳಲ್ಲಿ ಸಂಜೆಯೇ ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ, ಅಷ್ಟೇ. ಒಲೆ ಹಚ್ಚದ ರಾತ್ರಿಯ ಊಟ ನನಗೆ ಕೊನೆಯವರೆಗೂ ಹಿಡಿಸಲಿಲ್ಲ. ಎಂಜಲಿನ ವಿಷಯದಲ್ಲೂ ಬೇರೆ ಬೇರೆ. ಅವರು ಒಬ್ಬರ ತಟ್ಟೆಯಿಂದ ಒಬ್ಬರು ಚಮಚದಲ್ಲಿ ರುಚಿ ನೋಡುತ್ತಾರೆ, ನಾವು ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ. ನಮ್ಮ ಹೋಟೆಲಿನಲ್ಲಿ ಕೂತ ಕೂಡಲೇ ಲೋಟದಲ್ಲಿ ನೀರು ಬರುತ್ತದೆ, ಅದಕ್ಕೆ ಬೆಲೆಯಿಲ್ಲ. ಜರ್ಮನಿಯಲ್ಲಿ ನಲ್ಲಿಯ ನೀರು ಕುಡಿಯಲು ಯೋಗ್ಯ, ಆದರೂ ಹೋಟೆಲಿನಲ್ಲಿ ನೀರೆಂದರೆ ಸಾಮಾನ್ಯವಾಗಿ ದುಡ್ಡು ಕೊಟ್ಟು ಕೊಳ್ಳುವ ಬಾಟಲಿ.

ಒಂದು ವಿಷಯದಲ್ಲಿ ಮ್ಯೂನಿಕ್ ನನ್ನ ಮನಸ್ಸು ಗೆದ್ದಿತು. ಅಲ್ಲಿ ಮರದ ನೆರಳಿನ ಬಿಯರ್ ತೋಟಗಳಿವೆ. 1812ರಲ್ಲಿ ಬವೇರಿಯದ ರಾಜನ ಆಜ್ಞೆಯಂತೆ ಆ ತೋಟಗಳಲ್ಲಿ ಬಿಯರ್ ಮಾರಬಹುದಿತ್ತು, ಬ್ರೆಡ್ಡು ಬಿಟ್ಟು ಬೇರೆ ಊಟ ಮಾರುವಂತಿರಲಿಲ್ಲ. ಊಟವನ್ನು ಜನ ಮನೆಯಿಂದ ತರುತ್ತಿದ್ದರು. ಆ ಪದ್ಧತಿ ಇಂದಿಗೂ ಉಳಿದಿದೆ. ಮಗಳು, ಅಳಿಯಂದಿರು, ನಾನು ಡಬ್ಬಿಯಲ್ಲಿ ಚಿತ್ರಾನ್ನ, ಮಜ್ಜಿಗೆ ಮೆಣಸಿನಕಾಯಿ ಒಯ್ದು, ಹಣ್ಣಿನ ರಸ ಕೊಂಡು, ಮೇಜಿನ ಮೇಲೆ ಹರಡಿಕೊಂಡು ಉಂಡೆವು. ಪಕ್ಕದ ಮೇಜಿನ ಅಜ್ಜಿ ಕರಿಬೇವು ಏನೆಂದು ಕೇಳಿದರು.

ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರಬೇಕೆಂಬ ಕಾನೂನೂ ನನಗೆ ಮೆಚ್ಚುಗೆಯಾಯಿತು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದು ರಾತ್ರಿ ಒಂಬತ್ತರವರೆಗೆ ಕೂರುವ ನಮ್ಮಂಥವರಿಗೆ ವಾರಕ್ಕೊಂದು ದಿನ ಕಾಲು ಚಾಚುವ ಹಕ್ಕು ಸಣ್ಣದಲ್ಲ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುವುದೂ ಒಳ್ಳೆಯದು. ಖಾಲಿ ಬಾಟಲಿ ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸ್, ಹಾಗಾಗಿ ಬೀದಿಯಲ್ಲಿ ಬಿದ್ದಿರುವುದು ಅಪರೂಪ. ಆದರೆ ದುಡ್ಡು ಕೊಡುವುದರಲ್ಲಿ ನಾವು ಮುಂದಿದ್ದೇವೆ. ಜರ್ಮನರು ಇನ್ನೂ ನಾಣ್ಯ ಎಣಿಸುತ್ತಾರೆ. ನಮ್ಮಲ್ಲಿ 2016ರಲ್ಲಿ ಶುರುವಾದ ಯುಪಿಐ ಇವತ್ತು ಹೂವಿನ ಬುಟ್ಟಿಯವರೆಗೆ ಬಂದಿದೆ. ಅರಸೀಕೆರೆಯಲ್ಲಿ ಒಂದು ಮಾರು ಸೇವಂತಿಗೆ ಕೊಳ್ಳಲು ಆ ಅತಿಥಿಯ ಕೈಯಲ್ಲಿದ್ದ ಕಾರ್ಡೂ ನಡೆಯಲಿಲ್ಲ, ಐನೂರರ ನೋಟಿಗೆ ಚಿಲ್ಲರೆಯೂ ಇರಲಿಲ್ಲ. ನಾನೇ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ.

ಹಳೇಬೀಡಿನ ಮಾತನ್ನು ಮುಗಿಸುತ್ತೇನೆ. ಗುಡಿಯ ಹೊರಗೆ ಬಳಪದ ಕಲ್ಲಿನ ಚಿಕ್ಕ ಗಣಪತಿಯೊಂದನ್ನು ಆಕೆ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು. ಎಲ್ಲೂ ಬೆಲೆ ಬರೆದಿರಲಿಲ್ಲ. ಕೇಳಿದರೆ ಒಂದು ಬೆಲೆ, ಹೆಜ್ಜೆ ಹಿಂದಿಟ್ಟರೆ ಅದರರ್ಧ, ಇನ್ನೆರಡು ಹೆಜ್ಜೆಗೆ ಕಾಲುಭಾಗ. ಬೆಲೆ ಇಳಿದದ್ದು ಆಕೆಗೆ ಸಂತೋಷ ತರಲಿಲ್ಲ, ಮೊದಲು ಹೇಳಿದ್ದು ಸುಳ್ಳೇ ಎಂಬ ಅನುಮಾನ ತಂದಿತು. ಗಣಪತಿಯನ್ನು ಇಟ್ಟು ಬಂದುಬಿಟ್ಟಳು. ಕೆತ್ತಿದವರ ಕೈಕೆಲಸ ಮೊದಲು ಕೇಳಿದ ಬೆಲೆಗೂ ಯೋಗ್ಯವಾಗಿತ್ತು, ವ್ಯಾಪಾರ ಮಾತ್ರ ಆಗಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬರುವವರಲ್ಲಿ ಬೆಲೆಯ ಚೀಟಿ ಓದಿಯೇ ಕೊಳ್ಳುವ ಅಭ್ಯಾಸದವರು ಇನ್ನು ಹೆಚ್ಚುತ್ತಾರೆ. ಅಲ್ಲಿ ಅಂಗಡಿ ಇಟ್ಟಿರುವ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಅದೇ ಕಸುಬಿನವಳಾಗಿ ನನ್ನದೊಂದು ಕೋರಿಕೆ: ಪ್ರತಿ ಮೂರ್ತಿಯ ಕೆಳಗೆ, ಪ್ರತಿ ಬಟ್ಟೆಯ ಮೇಲೆ ನಿಮಗೆ ಗಿಟ್ಟುವ ಸರಿಯಾದ ಬೆಲೆಯನ್ನು ಅಂಕಿಯಲ್ಲಿ ಬರೆದಿಡಿ. ಚಪ್ಪಲಿ ಮಾರುವವರು ನಮ್ಮ ಅಳತೆಯ ಪಕ್ಕದಲ್ಲಿ ಯುರೋಪಿನ ಅಳತೆಯನ್ನೂ ಬರೆಯಿರಿ. ನಮ್ಮವರು ಬಂದು ಚೌಕಾಸಿಗೆ ನಿಂತರೆ ಬೆಲೆ ಇಳಿಸಬೇಡಿ, ಚಿಕ್ಕದೊಂದು ಆನೆ ಕೊಸರು ಕೊಟ್ಟು ಕಳಿಸಿ.